ಅಮೆರಿಗೊ: ಎರಡು ಖಂಡಗಳಿಗೆ ಹೋದ ಹೆಸರು, ಮನೆಗಳಲ್ಲಿ ಅಪರೂಪವಾದ ಹೆಸರು (ಪದೇ ಪದೇ ಕೇಳುವ ಪ್ರಶ್ನೆಗಳು)

ಇಟಲಿಯ ಹೆಸರುಗಳ ಬಗ್ಗೆ ಎಲ್ಲಿ ಮಾತು ತೆಗೆದರೂ ಕೊನೆಗೆ ಪ್ರಶ್ನೆಗಳು ಬಂದು ನಿಲ್ಲುವುದು ಅಮೆರಿಗೊ ಎಂಬ ಗಂಡುಮಗುವಿನ ಹೆಸರಿನ ಬಳಿ. ಕೆಲವರು ಪತ್ರ ಬರೆದು ಕೇಳಿದ್ದಾರೆ, ಕೆಲವರು ಊಟದ ಎಲೆಯ ಮುಂದೆ ಕೇಳಿದ್ದಾರೆ, ಒಂದಿಬ್ಬರು ಹುಟ್ಟಲಿರುವ ಮಗುವಿಗೆ ಹೆಸರು ಹುಡುಕುತ್ತಾ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ನನಗೆ ಈ ಹೆಸರು ಬಹಳ ಪ್ರೀತಿಯದು. ನಕ್ಷೆಗೆ ಏರುವ ಮೊದಲು ಅದು ಒಂದು ಮನೆಯಲ್ಲಿ ಅಜ್ಜನಿಂದ ಮೊಮ್ಮಗನಿಗೆ ಇಳಿದಿತ್ತು. ಆ ಮನೆಯ ನೆನಪನ್ನು ಖಂಡದ ಹೆಸರು ನುಂಗಿಹಾಕಬಾರದು ಎಂಬುದು ನನ್ನ ಆಸೆ.

## ಮೊದಲ ಪರಿಚಯ

ಅಮೆರಿಗೊ ಎಂದರೆ ದೇಶದ ಹೆಸರನ್ನು ಮಗುವಿಗೆ ಇಟ್ಟಂತೆ ಅಲ್ಲವೇ?

ನಡೆದದ್ದು ಇದಕ್ಕೆ ತಿರುಗುಮುರುಗು. ಅಮೆರಿಗೊ ಎಂಬುದು ಇಟಲಿಯ ಟಸ್ಕನಿ ಸೀಮೆಯಲ್ಲಿ ಮಧ್ಯಯುಗದಿಂದಲೂ ಇದ್ದ ಗಂಡಸರ ಹೆಸರು. ಆ ಹೆಸರಿನ ಒಬ್ಬ ನಾವಿಕನಿಂದ, ಅಮೆರಿಗೊ ವೆಸ್ಪುಚ್ಚಿಯಿಂದ, 1507ರಲ್ಲಿ ಹೊಸ ಭೂಭಾಗಕ್ಕೆ ಅಮೆರಿಕ ಎಂಬ ಹೆಸರು ಬಂತು. ಈಗ ನಾವು ಆ ಹೆಸರನ್ನು ಕೇಳುವಾಗ ಮೊದಲು ದೇಶ ನೆನಪಾಗುತ್ತದೆ, ಆಮೇಲೆ ಮನುಷ್ಯ. ಮಗನ ಹೆಸರಿನಿಂದ ಅಪ್ಪನನ್ನು ಗುರುತಿಸಿದ ಹಾಗೆ.

ಅರ್ಥವೇನು? ಒಂದೇ ಮಾತಿನಲ್ಲಿ ಹೇಳಿಬಿಡಿ.

ಮನೆಯೊಡೆಯ. ಹಳೆಯ ಜರ್ಮನ್ ನುಡಿಯ ‘ಮನೆ’ ಮತ್ತು ‘ಆಳುವವನು’ ಎಂಬ ಎರಡು ಮಾತು ಕೂಡಿ ಆದ ಹೆಸರು ಎಂಬ ವಿವರಣೆಯಂತೆ ಈ ಅರ್ಥ. ಇನ್ನೊಂದು ವಿವರಣೆಯೂ ಇದೆ. ಅದನ್ನು ಮುಂದೆ ಬಿಡಿಸಿದ್ದೇನೆ.

ಸರಿಯಾಗಿ ಉಚ್ಚರಿಸುವುದು ಹೇಗೆ? ಅಮೇರಿಗೋ ಎಂದರೆ ಆಗುತ್ತದೆಯೇ?

ಇಟಾಲಿಯನ್ನರು ‘ಮೆ’ಯನ್ನು ಎಳೆಯುವುದಿಲ್ಲ, ಕೊನೆಯ ‘ಗೊ’ವನ್ನೂ ಎಳೆಯುವುದಿಲ್ಲ. ಒತ್ತು ಬೀಳುವುದು ‘ರಿ’ಯ ಮೇಲೆ, ಅಲ್ಲಿ ಸ್ವರ ತುಸು ನೀಳವಾಗುತ್ತದೆ. ಕಿವಿಗೆ ಕೇಳಿದಂತೆ ಬರೆದರೆ ‘ಅಮೆರೀಗೊ’. ರೂಢಿಯಲ್ಲಿರುವುದರಿಂದ ಇಲ್ಲಿ ಅಮೆರಿಗೊ ಎಂದೇ ಬರೆದಿದ್ದೇನೆ. ಎ–ಏ, ಒ–ಓ ಎಂದು ಬೇರೆ ಬೇರೆ ಅಕ್ಷರಗಳಿರುವ ಕನ್ನಡಕ್ಕೆ ಈ ಹೆಸರನ್ನು ಹಿಡಿದಿಡುವುದು ಕಷ್ಟವಲ್ಲ. ನಾವಿಕನ ಮನೆತನದ ಹೆಸರನ್ನು ನಮ್ಮಲ್ಲಿ ವೆಸ್ಪುಸಿ, ವೆಸ್ಪುಕಿ ಎಂದೆಲ್ಲ ಬರೆಯುತ್ತಾರೆ. ಇಟಲಿಯ ಬಾಯಲ್ಲಿ ಅದು ‘ವೆಸ್ಪುಚ್ಚಿ’. ಆ ಚಕಾರದ ಒತ್ತನ್ನು ಅವರು ನಾವು ‘ಹುಚ್ಚ’ ಎನ್ನುವಾಗಿನಷ್ಟೇ ಗಟ್ಟಿಯಾಗಿ ನುಡಿಯುತ್ತಾರೆ.

ಹೆಣ್ಣುಮಕ್ಕಳಿಗೆ ಇದರ ರೂಪ ಉಂಟೇ?

ಉಂಟು. ಅಮೆರಿಗಾ ಎಂಬುದು ಬಹಳ ವಿರಳ. ಅಮೆರಿಕಾ ಎಂದೇ ಹೆಸರಿಡುವುದು ಇಟಾಲಿಯನ್, ಸ್ಪ್ಯಾನಿಷ್ ಮಾತನಾಡುವ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ಕಾಣುತ್ತದೆ.

ಇಟಲಿಯಲ್ಲಿ ಹುಟ್ಟುಹಬ್ಬದಂತೆ ಹೆಸರಿನ ಹಬ್ಬವೂ ಇದೆಯಂತೆ. ಅಮೆರಿಗೊಗೆ ಯಾವ ದಿನ?

ನವೆಂಬರ್ 4. ಕ್ಯಾಥೊಲಿಕ್ ಪಂಚಾಂಗದಲ್ಲಿ ಅದು ಇದೇ ಹೆಸರಿನ ಇನ್ನೊಂದು ರೂಪವನ್ನು ಹೊತ್ತ ಸಂತ ಎಮೆರಿಕೊನ ದಿನ. ಹಂಗೇರಿಯಲ್ಲಿ ಅದೇ ಸಂತನ ದಿನವನ್ನು ನವೆಂಬರ್ 5ರಂದು ಆಚರಿಸುತ್ತಾರೆ. ಅವನು ಹಂಗೇರಿಯ ಮೊದಲ ದೊರೆ ಇಸ್ತ್ವಾನನ ಮಗ. ಪಟ್ಟಕ್ಕೆ ಬರಬೇಕಾಗಿದ್ದ ರಾಜಕುಮಾರ 1031ರಲ್ಲಿ ಕಾಡುಹಂದಿಯ ಬೇಟೆಯಲ್ಲಿ ಸತ್ತ. 1083ರಲ್ಲಿ ತಂದೆ ಮಗ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಲಾಯಿತು. ರಾಜಕುಮಾರನ ಗುರು ವೆನಿಸ್ ಕಡೆಯ ಗೆರಾರ್ಡೊ. ಅದೇ ವರ್ಷ ಅವನಿಗೂ ಸಂತಪದವಿ ಸಿಕ್ಕಿತು.

## ಬೇರಿನ ಮಾತು

ಇದು ಇಟಲಿಯ ಹೆಸರೇ, ಜರ್ಮನ್ ಹೆಸರೇ? ಲ್ಯಾಟಿನ್ ಅಲ್ಲವೇ?

ಹುಟ್ಟು ಜರ್ಮಾನಿಕ್, ಬೆಳೆದ ಮನೆ ಇಟಲಿ. ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಇಟಲಿಯನ್ನು ಆಳಿದವರು ಜರ್ಮಾನಿಕ್ ಜನ: ಆಸ್ಟ್ರೊಗಾತರು, 568ರಿಂದ ಲೊಂಬಾರ್ಡರು, 774ರಲ್ಲಿ ಫ್ರಾಂಕರ ಶಾರ್ಲಮೇನ್. ಆಳಿದವರ ಭಾಷೆ ಇಟಲಿಯಲ್ಲಿ ಉಳಿಯಲಿಲ್ಲ, ಅವರ ಹೆಸರುಗಳು ಉಳಿದವು. ಕಾರ್ಲೊ, ಆಲ್ಬೆರ್ತೊ, ಫೆದೆರಿಕೊ, ಗ್ವೀದೊ ಎಲ್ಲವೂ ಆ ದಾರಿಯಲ್ಲಿ ಬಂದವು. ಇಂದು ಇಟಲಿಯ ಅಚ್ಚುಮೆಚ್ಚಿನ ಲಿಯೊನಾರ್ದೊ ಕೂಡ ಜರ್ಮಾನಿಕ್ ಜೋಡಣೆಯೇ.

ಹೆಸರಿನ ಮೂಲದ ಬಗ್ಗೆ ಎರಡು ವಾದಗಳಿವೆ ಎಂದು ಓದಿದೆ. ಯಾವುದು ಸರಿ?

ಒಂದು ವಾದದಂತೆ ಮೂಲ ‘ಹೈಮ್-ರಿಕ್’. ಹೈಮ್ ಎಂದರೆ ಮನೆ. ಇಂಗ್ಲಿಷಿನ ಹೋಮ್ ಅದೇ ಬೇರಿನದು. ರಿಕ್ ಎಂದರೆ ಒಡೆಯ, ಬಲ್ಲಿದ. ಹೆನ್ರಿ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ಇನ್ನೊಂದು ವಾದದಂತೆ ಮೂಲ ‘ಅಮಲ್-ರಿಕ್’. ಅಮಲ್ ಎಂಬುದಕ್ಕೆ ದುಡಿಮೆ, ಕಸುವು ಎಂಬ ಅರ್ಥ ಹೇಳುತ್ತಾರೆ. ಅಮಲರು ಎಂಬುದು ಗಾತ್ ದೊರೆಗಳ ವಂಶದ ಹೆಸರೂ ಹೌದು. ಇಟಲಿಯನ್ನು ಆಳಿದ ಥಿಯೊಡೊರಿಕ್ ಆ ವಂಶದವನು, ಅವನ ಮೊಮ್ಮಗನ ಹೆಸರೇ ಅಮಲರಿಕ್.

ಇವೆರಡರಲ್ಲಿ ಒಂದನ್ನೇ ಗೆಲ್ಲಿಸುವುದು ಕಷ್ಟ, ಏಕೆಂದರೆ ನೂರಾರು ವರ್ಷ ಬಾಯಿಂದ ಬಾಯಿಗೆ ಹೊರಳಿ ಎರಡೂ ಹೆಸರುಗಳು ಒಂದರೊಳಗೊಂದು ಬೆರೆತುಹೋದವು. ಆದರೂ ನನ್ನ ಒಲವು ‘ಮನೆಯೊಡೆಯ’ನ ಕಡೆಗೆ. ಮೇಲೆ ಹೇಳಿದ ಹಂಗೇರಿಯ ಸಂತ ರಾಜಕುಮಾರನಿಗೆ ಅವನ ಸೋದರಮಾವ, ಚಕ್ರವರ್ತಿ ಎರಡನೆಯ ಹೆನ್ರಿಯ ಹೆಸರನ್ನು ಇಟ್ಟರು ಎಂದು ವಿದ್ವಾಂಸರು ಭಾವಿಸುತ್ತಾರೆ. ಎಮೆರಿಕ್ ಎಂದರೂ ಹೆನ್ರಿ ಎಂದರೂ ಆ ಕಾಲದವರಿಗೆ ಒಂದೇ ಹೆಸರಿನ ಎರಡು ಉಲಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ‘ರಿಕ್’ಗೂ ನಮ್ಮ ‘ರಾಜ’ನಿಗೂ ಸಂಬಂಧ ಇದೆ ಎನ್ನುತ್ತಾರೆ. ಇದು ವಾಟ್ಸಾಪ್ ಪಾಂಡಿತ್ಯವೇ?

ಪಾಂಡಿತ್ಯವೇ, ವಾಟ್ಸಾಪಿನದಲ್ಲ. ಸಂಸ್ಕೃತದ ರಾಜನ್, ಲ್ಯಾಟಿನ್ನಿನ ರೆಕ್ಸ್, ಕೆಲ್ಟಿಕ್ ಜನರ ರಿಕ್ಸ್ ಮೂರೂ ಒಂದೇ ಇಂಡೊ-ಯುರೋಪಿಯನ್ ಬೇರಿನ ಚಿಗುರುಗಳು. ಜರ್ಮಾನಿಕ್ ಜನರು ಈ ಮಾತನ್ನು ಕೆಲ್ಟರಿಂದ ಎರವಲು ಪಡೆದರು ಎಂಬುದು ಭಾಷಾಶಾಸ್ತ್ರಜ್ಞರ ನಿಲುವು. ರಿಚರ್ಡ್, ಎರಿಕ್, ಫ್ರೆಡರಿಕ್ ಎಲ್ಲರ ಹೆಸರಿನಲ್ಲೂ ಇದೇ ತುಣುಕು ಅಡಗಿದೆ. ನಮ್ಮಲ್ಲಿ ರಾಜ ಎಂಬುದು ರಾಯ ಆಗಿ ಕೃಷ್ಣದೇವರಾಯನ ಹೆಸರಿನ ಕೊನೆಯಲ್ಲಿ ನಿಂತಿದೆ. ದೇವರಾಯನ ‘ರಾಯ’ನೂ ಅಮೆರಿಗೊನ ‘ರಿಗೊ’ವೂ ಬಹಳ ದೂರದ ದಾಯಾದಿಗಳು. ಅದನ್ನು ಮೊದಲ ಸಲ ತಿಳಿದಾಗ ನನಗೆ ಆದ ಸಂತೋಷ ಇನ್ನೂ ಆರಿಲ್ಲ.

ರಿಕ್ ಎಂಬುದು ರಿಗೊ ಆದದ್ದು ಹೇಗೆ? ‘ಕ’ ಎಲ್ಲಿ ಹೋಯಿತು?

ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಕಕಾರ ಮೆತ್ತಗಾಗಿ ಗಕಾರವಾಗುವುದು ಕನ್ನಡಿಗರಿಗೆ ಹೊಸದಲ್ಲ. ಆಕಾಶ ನಮ್ಮಲ್ಲಿ ಆಗಸವಾಯಿತು. ಟಸ್ಕನಿಯಲ್ಲಿ ಫೆದೆರಿಕೊ ಫೆದೆರಿಗೊ ಆದ, ಎನ್ರಿಕೊನ ಜೊತೆಗೆ ಅರ್ರಿಗೊ ಎಂಬವನು ಬಂದ, ಹಾಗೆಯೇ ಅಮೆರಿಗೊ. ಖಂಡದ ಹೆಸರಿನಲ್ಲಿ ಮತ್ತೆ ‘ಕ’ ಕಾಣಿಸಿಕೊಂಡದ್ದು ಪಂಡಿತರಿಂದ. ಅವರು ಅಮೆರಿಗೊನನ್ನು ಲ್ಯಾಟಿನ್ನಿಗೆ ತಂದು ಅಮೆರಿಕುಸ್ ಮಾಡಿದರು.

ಬೇರೆ ದೇಶಗಳಲ್ಲಿ ಈ ಹೆಸರು ಹೇಗಿದೆ?

ಜರ್ಮನಿಯಲ್ಲಿ ಎಮ್ಮೆರಿಖ್, ಹಂಗೇರಿಯಲ್ಲಿ ಇಮ್ರೆ, ಸ್ಲೊವಾಕಿಯಾದಲ್ಲಿ ಇಮ್ರಿಖ್, ಫ್ರಾನ್ಸಿನಲ್ಲಿ ಎಮೆರಿಕ್. ಪೋರ್ಚುಗೀಸರ ಅಮೆರಿಕು ಇಟಲಿಯ ರೂಪಕ್ಕಿಂತ ಎಷ್ಟೋ ಹೆಚ್ಚು ಬಳಕೆಯಲ್ಲಿದೆ. 1958ರಿಂದ 1974ರವರೆಗೆ ಪೋರ್ಚುಗಲ್ಲಿನ ಅಧ್ಯಕ್ಷನಾಗಿದ್ದವನು ಅಮೆರಿಕು ತೊಮಾಸ್. ಇಟಲಿಯೊಳಗೇ ಅಲ್ಮೆರಿಗೊ, ಅಲ್ಮೆರಿಕೊ, ಐಮೆರಿಕೊ ಎಂಬ ಸೋದರ ರೂಪಗಳಿವೆ.

## ನಾವಿಕ ಮತ್ತು ನಕ್ಷೆ

ವೆಸ್ಪುಚ್ಚಿಗೆ ಈ ಹೆಸರು ಇಟ್ಟವರು ಯಾರು?

ಅದು ಅವನ ಅಜ್ಜನ ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮ ಮನೆಗಳಲ್ಲಿ ಇರುವಂತೆಯೇ ಅಲ್ಲೂ ಇತ್ತು, ಈಗಲೂ ಅಲ್ಲಲ್ಲಿ ಇದೆ. ತಂದೆ ನಸ್ತಾಜೊ ಫ್ಲಾರೆನ್ಸಿನಲ್ಲಿ ಕಾಗದಪತ್ರ ಬರೆಯುವ ನೋಟರಿ. ಹುಟ್ಟಿದ ದಿನ ಮಾರ್ಚ್ 9. ಹಳೆಯ ಪುಸ್ತಕಗಳು 1451 ಎನ್ನುತ್ತವೆ, ಈಗಿನ ಇತಿಹಾಸಕಾರರು ಹೆಚ್ಚಾಗಿ 1454 ಎನ್ನುತ್ತಾರೆ. ಫ್ಲಾರೆನ್ಸಿಗೆ ಹೋಗುವವರು ಆರ್ನೊ ನದಿಯ ಪಕ್ಕದ ಒನ್ಯಿಸ್ಸಾಂತಿ ಚರ್ಚನ್ನು ನೋಡಿ ಬನ್ನಿ. ಅಲ್ಲಿ ಚಿತ್ರಕಾರ ಘಿರ್ಲಾಂದಾಯೊ ಬರೆದ ಭಿತ್ತಿಚಿತ್ರದಲ್ಲಿ ಮರಿಯಮ್ಮನ ಮೇಲುಹೊದಿಕೆಯ ನೆರಳಿನಲ್ಲಿ ವೆಸ್ಪುಚ್ಚಿ ಮನೆಯವರು ಮಂಡಿಯೂರಿದ್ದಾರೆ. ಅವರಲ್ಲಿ ಒಬ್ಬ ಹುಡುಗನನ್ನು ಅಮೆರಿಗೊ ಎಂದು ತಲೆತಲಾಂತರದಿಂದ ತೋರಿಸುತ್ತಾ ಬಂದಿದ್ದಾರೆ.

ಹಾಗಾದರೆ ಅವನೇ ತನ್ನ ಹೆಸರನ್ನು ಖಂಡಕ್ಕೆ ಅಂಟಿಸಿಕೊಂಡನೇ?

ಇಲ್ಲ. ಈ ಒಂದು ತಪ್ಪು ಕಲ್ಪನೆಯನ್ನು ಅಳಿಸಲು ನಾನು ಎಷ್ಟು ಪುಟ ಬೇಕಾದರೂ ಬರೆಯಬಲ್ಲೆ.

ವೆಸ್ಪುಚ್ಚಿ ಫ್ಲಾರೆನ್ಸಿನ ಸಿರಿವಂತ ಮೆದಿಚಿ ಮನೆತನದ ಕೆಲಸದ ಮೇಲೆ ಸ್ಪೇನಿನ ಸೆವಿಲ್ಲಿಗೆ ಹೋದವನು. 1499ರಲ್ಲಿ ಸ್ಪೇನಿನ ಪರವಾಗಿ, 1501ರಲ್ಲಿ ಪೋರ್ಚುಗಲ್ಲಿನ ಪರವಾಗಿ ಅಟ್ಲಾಂಟಿಕ್ ದಾಟಿದ. ಬ್ರೆಜಿಲ್ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿದಾಗ ಆ ನೆಲ ಮುಗಿಯಲೇ ಇಲ್ಲ. ಅವನ ಹೆಸರಿನಲ್ಲಿ ಅಚ್ಚಾದ ‘ಹೊಸ ಜಗತ್ತು’ ಎಂಬ ಕಿರುಪತ್ರ ಇದನ್ನು ಏಷ್ಯಾದ ಅಂಚು ಎನ್ನದೆ ಬೇರೆಯೇ ಜಗತ್ತು ಎಂದು ಸಾರಿತು. ಯುರೋಪಿನಾದ್ಯಂತ ಜನ ಅದನ್ನು ಮುಗಿಬಿದ್ದು ಓದಿದರು.

ಇಂದಿನ ಫ್ರಾನ್ಸಿನ ಲೊರೇನ್ ಸೀಮೆಯ ಸ್ಯಾಂ-ದಿಯೆ ಎಂಬ ಪುಟ್ಟ ಊರಿನಲ್ಲಿ ಮಾರ್ಟಿನ್ ವಾಲ್ಡ್‌ಸೆಮ್ಯುಲರ್ ಎಂಬ ನಕ್ಷೆಗಾರ, ಮಥಿಯಾಸ್ ರಿಂಗ್‌ಮನ್ ಎಂಬ ಕವಿ ಸೇರಿ 1507ರ ಏಪ್ರಿಲ್‌ನಲ್ಲಿ ಒಂದು ಭೂಗೋಳದ ಪುಸ್ತಕವನ್ನೂ 12 ಹಾಳೆಗಳ ಜಗತ್ತಿನ ನಕ್ಷೆಯನ್ನೂ ತಂದರು. ಅವರ ವಾದ ಸೊಗಸಾಗಿದೆ. ಯುರೋಪ್, ಏಷ್ಯಾ ಎರಡಕ್ಕೂ ಹೆಂಗಸರ ಹೆಸರಿದೆ; ಈ ನಾಲ್ಕನೆಯ ಭಾಗವನ್ನು ಕಂಡವನು ಅಮೆರಿಕುಸ್, ಆದ್ದರಿಂದ ಇದನ್ನು ‘ಅಮೆರಿಗೆ’ ಎನ್ನೋಣ, ಇಲ್ಲವೇ ಅಮೆರಿಕ ಎನ್ನೋಣ. ಆ ‘ಗೆ’ ಗ್ರೀಕಿನಲ್ಲಿ ನೆಲ. ಅಮೆರಿಗೊನ ನೆಲ ಎಂಬ ಶ್ಲೇಷೆ. ಕವಿಯೊಬ್ಬ ಜೊತೆಗಿದ್ದದ್ದು ಇಲ್ಲಿ ಎದ್ದು ಕಾಣುತ್ತದೆ.

ಆ ನಕ್ಷೆಯಲ್ಲಿ ಹೆಸರು ಬಿದ್ದದ್ದು ಇಂದಿನ ದಕ್ಷಿಣ ಅಮೆರಿಕದ ಮೇಲೆ ಮಾತ್ರ. ಕೆಲವೇ ವರ್ಷಗಳಲ್ಲಿ ವಾಲ್ಡ್‌ಸೆಮ್ಯುಲರ್ ಮನಸ್ಸು ಬದಲಿಸಿ 1516ರ ತನ್ನ ಕಡಲನಕ್ಷೆಯಲ್ಲಿ ಆ ಹೆಸರನ್ನು ಕೈಬಿಟ್ಟ. ಅಷ್ಟರಲ್ಲಿ ಹೆಸರು ಅವನ ಕೈಮೀರಿತ್ತು. 1538ರಲ್ಲಿ ಇನ್ನೊಬ್ಬ ನಕ್ಷೆಗಾರ ಮರ್ಕೇಟರ್ ಉತ್ತರ ದಕ್ಷಿಣ ಎರಡಕ್ಕೂ ಅದನ್ನು ಹಂಚಿದ. ವೆಸ್ಪುಚ್ಚಿ ಮಾತ್ರ 1512ರ ಫೆಬ್ರವರಿ 22ರಂದು ಸೆವಿಲ್ಲಿನಲ್ಲಿ, ಸ್ಪೇನಿನ ಮುಖ್ಯ ನಾವಿಕನ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡಿದ್ದ. ಅವನಿಗೆ ಮಕ್ಕಳಿರಲಿಲ್ಲ.

ನಕ್ಷೆಯ ಸಾವಿರ ಪ್ರತಿಗಳನ್ನು ಅಚ್ಚು ಹಾಕಿದ್ದರು. ಉಳಿದದ್ದು ಒಂದು. 1901ರಲ್ಲಿ ಜರ್ಮನಿಯ ವೊಲ್ಫೆಗ್ ಕೋಟೆಯಲ್ಲಿ ಅದು ಸಿಕ್ಕಿತು. 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಒಂದು ಕೋಟಿ ಡಾಲರಿಗೆ ಪಡೆಯಿತು.

ಕೊಲಂಬಸ್‌ಗೆ ಸಲ್ಲಬೇಕಾದ ಗೌರವ ಕದ್ದವನ ಹೆಸರನ್ನು ಮಗುವಿಗೆ ಇಡುವುದು ಸರಿಯೇ?

ಕಳ್ಳತನದ ಆರೋಪ ಹಳೆಯದು. 16ನೆಯ ಶತಮಾನದಲ್ಲೇ ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅದನ್ನು ಹೊರಿಸಿದ. 1497ರಲ್ಲೇ ವೆಸ್ಪುಚ್ಚಿಯ ಒಂದು ಯಾನ ನಡೆಯಿತೆಂದು ಅಚ್ಚಾದ ಪತ್ರವೊಂದು ಹೇಳುತ್ತದೆ, ಅದನ್ನು ಹೆಚ್ಚಿನ ಇತಿಹಾಸಕಾರರು ನಂಬುವುದಿಲ್ಲ. ಆ ಪತ್ರವನ್ನು ಅವನೇ ಬರೆದನೇ ಎಂಬುದೇ ವಿವಾದ. ಆದರೆ ಕೊಲಂಬಸ್ ಸ್ವತಃ 1505ರ ಫೆಬ್ರವರಿಯಲ್ಲಿ ಮಗ ದಿಯೆಗೊಗೆ ಬರೆದ ಪತ್ರದಲ್ಲಿ ವೆಸ್ಪುಚ್ಚಿಯನ್ನು ಸಜ್ಜನ ಎಂದು ಹೊಗಳಿದ್ದಾನೆ.

ನನ್ನನ್ನು ಕಾಡುವುದು ಬೇರೆಯದು. 1499ರ ಯಾನದಿಂದ ಹಿಂದಿರುಗುವಾಗ ಇನ್ನೂರಕ್ಕೂ ಹೆಚ್ಚು ಮಂದಿ ಸ್ಥಳೀಯರನ್ನು ಸೆರೆಹಿಡಿದು ತಂದು ಗುಲಾಮರಾಗಿ ಮಾರಿದ್ದನ್ನು ಅವನ ಪತ್ರವೇ ಹೇಳುತ್ತದೆ. ಹೆಸರಿಡುವವರು ಇದನ್ನು ತಿಳಿದಿರಬೇಕು. ಹೆಸರು ಅವನಿಗಿಂತ ಶತಮಾನಗಳಷ್ಟು ಹಳೆಯದು, ಅವನೊಬ್ಬನ ಸ್ವತ್ತಲ್ಲ ಎಂಬುದನ್ನೂ ತಿಳಿದಿರಬೇಕು.

ಅವನ ನಿಜವಾದ ಹೆಸರು ಆಲ್ಬೆರಿಗೊ, ಅಮೆರಿಕ ಎಂಬುದು ಬೇರೆಲ್ಲಿಂದಲೋ ಬಂದದ್ದು ಎಂದು ಒಬ್ಬರು ವಾದಿಸಿದರು.

‘ಹೊಸ ಜಗತ್ತು’ ಕಿರುಪತ್ರದ ಮುದ್ರಣಗಳಲ್ಲಿ ಆಲ್ಬೆರಿಕುಸ್ ಎಂದು ಅಚ್ಚಾಗಿರುವುದು ನಿಜ. ಆಲ್ಬೆರಿಕೊ ಎಂಬುದು ಪೂರ್ತಿ ಬೇರೆ ಹೆಸರು. ಅಚ್ಚುಕೂಟಗಳು ಎರಡನ್ನೂ ಕಲಸಿಬಿಟ್ಟವು. ಅಜ್ಜನ ಹೆಸರು ಅಮೆರಿಗೊ ಎಂದಿರುವಾಗ ಮೊಮ್ಮಗನ ಹೆಸರಿನಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಬ್ರಿಸ್ಟಲ್ ನಗರದ ವರ್ತಕ ರಿಚರ್ಡ್ ಅಮೆರಿಕ್‌ನಿಂದ ಖಂಡಕ್ಕೆ ಹೆಸರು ಬಂತು ಎನ್ನುವವರಿದ್ದಾರೆ, ನಿಕರಾಗುವಾದ ಅಮೆರ್ರಿಕೆ ಬೆಟ್ಟಸಾಲಿನಿಂದ ಬಂತು ಎನ್ನುವವರೂ ಇದ್ದಾರೆ. ಹೆಸರಿಟ್ಟವರು ತಾವು ಏಕೆ ಇಟ್ಟೆವು ಎಂದು ಅಚ್ಚಿನಲ್ಲೇ ಬರೆದಿಟ್ಟಿರುವಾಗ ಬೆಟ್ಟ ಹತ್ತಿ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

## ಇಂದಿನ ಬಳಕೆ

ಈಗ ಇಟಲಿಯಲ್ಲಿ ಎಷ್ಟು ಜನ ಈ ಹೆಸರಿಡುತ್ತಾರೆ?

ಬಹಳ ಕಡಿಮೆ. ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಇಸ್ತಾತ್ ಪ್ರತಿ ವರ್ಷ ಹೊರಡಿಸುವ ನೆಚ್ಚಿನ ಹೆಸರುಗಳ ಪಟ್ಟಿಯಲ್ಲಿ 2018ರಿಂದ ಗಂಡುಮಕ್ಕಳಲ್ಲಿ ಲಿಯೊನಾರ್ದೊ ಮೊದಲ ಸ್ಥಾನದಲ್ಲಿದೆ. ಅದಕ್ಕೂ ಮುಂಚೆ ಬಹುಕಾಲ ಫ್ರಾನ್ಚೆಸ್ಕೊ ಇತ್ತು. ಅಮೆರಿಗೊ ಆ ಸಾಲಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಜೊತೆಗೆ ಮಕ್ಕಳೇ ಕಡಿಮೆಯಾಗಿದ್ದಾರೆ: 1964ರಲ್ಲಿ ಇಟಲಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು, 2023ರಲ್ಲಿ 3.8 ಲಕ್ಷಕ್ಕಿಂತಲೂ ಕಡಿಮೆ. ತೊಟ್ಟಿಲುಗಳೇ ಕಡಿಮೆಯಾದಾಗ ಅಪರೂಪದ ಹೆಸರು ಇನ್ನಷ್ಟು ಅಪರೂಪವಾಗುತ್ತದೆ.

ಇಷ್ಟಾದರೂ ಹೆಸರು ಸತ್ತಿಲ್ಲ. ಕೋಸಿಮೊ, ಲಾಪೊ, ದುಚ್ಚೊ, ನೇರಿ ಮುಂತಾದ ಹಳೆಯ ಹೆಸರುಗಳನ್ನು ಹುಡುಕಿ ತೆಗೆಯುವ ಅಭಿರುಚಿ ಟಸ್ಕನಿಯ ಕೆಲವು ಮನೆಗಳಲ್ಲಿದೆ. ಅಮೆರಿಗೊ ಅಂಥ ಮನೆಗಳ ಹೆಸರು.

ಅಷ್ಟು ದೊಡ್ಡ ಹೆಸರಾಗಿಯೂ ಜನ ಏಕೆ ಇಡುವುದಿಲ್ಲ?

ದೊಡ್ಡದಾದದ್ದೇ ಕಾರಣ ಎಂದು ನನಗೆ ಅನ್ನಿಸುತ್ತದೆ. ಖಂಡದ ನೆರಳಿನಲ್ಲಿ ಮಗು ಬೆಳೆಯಬೇಕು. ಇನ್ನೊಂದು ಕಾರಣ ವಲಸೆಯ ನೆನಪು. 1876ರಿಂದ 1915ರ ನಡುವೆ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಇಟಾಲಿಯನ್ನರು ದೇಶ ಬಿಟ್ಟರು, ಅವರಲ್ಲಿ ದೊಡ್ಡ ಪಾಲು ಅಮೆರಿಕ ಖಂಡಗಳಿಗೆ ಹೋಯಿತು. ಆ ತಲೆಮಾರಿನಲ್ಲಿ ಈ ಹೆಸರು ಕೇಳಿದರೆ ಹಡಗು, ಪೆಟ್ಟಿಗೆ, ಬಂದರಿನ ಅಳು ನೆನಪಾಗುತ್ತಿತ್ತು. ಇಂದಿನ ತಾಯ್ತಂದೆಯರಿಗೆ ಅದು ಮುತ್ತಜ್ಜನ ಕಾಲದ ಹೆಸರಾಗಿ ಕೇಳಿಸುತ್ತದೆ.

ನಾವಿಕನನ್ನು ಬಿಟ್ಟು ಈ ಹೆಸರಿನ ಬೇರೆ ಪ್ರಸಿದ್ಧರು ಯಾರು?

ಚಿತ್ರಕಾರ, ವ್ಯಂಗ್ಯಚಿತ್ರಕಾರ ಅಮೆರಿಗೊ ಬಾರ್ತೊಲಿ 1890ರಲ್ಲಿ ತೆರ್ನಿಯಲ್ಲಿ ಹುಟ್ಟಿದವನು. ಶಿಲ್ಪಿ ಅಮೆರಿಗೊ ತೋತ್ ಇನ್ನೂ ಕುತೂಹಲದ ಉದಾಹರಣೆ: ಹಂಗೇರಿಯಲ್ಲಿ ಹುಟ್ಟಿದಾಗ ಅವನು ಇಮ್ರೆ, ರೋಮಿಗೆ ಬಂದು ನೆಲೆಸಿ ಅಮೆರಿಗೊ ಆದ. ಒಂದೇ ಹೆಸರಿನ ಎರಡು ದಡಗಳನ್ನು ಒಬ್ಬನೇ ತನ್ನ ಬಾಳಿನಲ್ಲಿ ಮುಟ್ಟಿದ. ರೋಮಿನ ತೆರ್ಮಿನಿ ರೈಲು ನಿಲ್ದಾಣದ ಮುಂಭಾಗದಲ್ಲಿರುವ ಉಬ್ಬುಶಿಲ್ಪದ ಪಟ್ಟಿ ಅವನ ಕೆಲಸ. ಕಪ್ಪು ಪುಟವನ್ನೂ ಹೇಳಬೇಕು. ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿಯನ್ನು 1924ರ ಜೂನ್ 10ರಂದು ಅಪಹರಿಸಿ ಕೊಂದ ಫ್ಯಾಸಿಸ್ಟ್ ತಂಡದ ಮುಖಂಡ ಅಮೆರಿಗೊ ದುಮಿನಿ. ಅವನು ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ.

ಆ ಹೆಸರಿನ ಹಡಗು ಮುಂಬಯಿಗೆ ಬಂದಿತ್ತಲ್ಲ?

ಬಂದಿತ್ತು, 2024ರ ನವೆಂಬರ್ ಕೊನೆಯಲ್ಲಿ. ಅಮೆರಿಗೊ ವೆಸ್ಪುಚ್ಚಿ ಇಟಲಿಯ ನೌಕಾಪಡೆಯ ತರಬೇತಿ ಹಡಗು. ಮೂರು ಕೂವೆಮರ, ಸುಮಾರು 100 ಮೀಟರ್ ಉದ್ದ. ನೇಪಲ್ಸ್ ಬಳಿಯ ಕಾಸ್ತೆಲ್ಲಮ್ಮಾರೆ ದಿ ಸ್ತಾಬಿಯಾದಲ್ಲಿ 1931ರ ಫೆಬ್ರವರಿ 22ರಂದು, ಅಂದರೆ ನಾವಿಕನು ತೀರಿಕೊಂಡ ದಿನದಂದೇ, ಅದನ್ನು ನೀರಿಗಿಳಿಸಿದರು. 2023ರ ಜುಲೈ 1ರಂದು ಜಿನೋವಾದಿಂದ ಹೊರಟ ವಿಶ್ವಯಾನದ ನಡುವೆ ಮುಂಬಯಿಯಲ್ಲಿ ತಂಗಿತ್ತು. ಇಂದು ಇಟಲಿಯ ಮಕ್ಕಳಿಗೆ ಅಮೆರಿಗೊ ಎಂಬ ಹೆಸರು ಮನುಷ್ಯನಿಗಿಂತ ಹೆಚ್ಚಾಗಿ ಈ ಬಿಳಿಹಾಯಿಯ ಹಡಗಿನಿಂದ ಪರಿಚಯ. ಫ್ಲಾರೆನ್ಸಿನ ವಿಮಾನ ನಿಲ್ದಾಣಕ್ಕೂ ಅವನದೇ ಹೆಸರಿದೆ.

ನಾವು ಇಟಲಿಯಲ್ಲಿ ನೆಲೆಸಿದ ಕನ್ನಡಿಗರು. ಮಗನಿಗೆ ಅಮೆರಿಗೊ ಎಂದು ಇಡಬಹುದೇ? ಜೊತೆಗೆ ಕನ್ನಡದ ಹೆಸರೂ ಬೇಕು.

ಧಾರಾಳವಾಗಿ. ಇಟಲಿಯಲ್ಲಿ 2000ನೆಯ ಇಸವಿಯ ನಾಗರಿಕ ದಾಖಲೆ ನಿಯಮಗಳ ಪ್ರಕಾರ ಮಗುವಿಗೆ ಮೂರು ಹೆಸರುಗಳವರೆಗೆ ಇಡಬಹುದು. ಬದುಕಿರುವ ತಂದೆಯ, ಅಣ್ಣತಮ್ಮಂದಿರ ಹೆಸರನ್ನೇ ಇಡುವಂತಿಲ್ಲ. ನಗೆಪಾಟಲಾಗುವ ಹೆಸರೂ ಕೂಡದು. ಅಜ್ಜನ ಹೆಸರಿಗೆ ಅಡ್ಡಿಯಿಲ್ಲ. ಆದ್ದರಿಂದ ಅಮೆರಿಗೊ ಜೊತೆಗೆ ತಾತನ ಹೆಸರು ಚೆನ್ನಾಗಿ ಹೊಂದುತ್ತದೆ, ಅರ್ಥದಲ್ಲೂ ಪದ್ಧತಿಯಲ್ಲೂ. ಒಂದು ಎಚ್ಚರ: ದಾಖಲೆಗಳಲ್ಲಿ ಗಕಾರ ಇರುವುದನ್ನು ಎರಡು ಸಲ ನೋಡಿಕೊಳ್ಳಿ. ಒಂದು ಅಕ್ಷರ ತಪ್ಪಿದರೆ ಮಗನ ಪಾಸ್‌ಪೋರ್ಟಿನಲ್ಲಿ ಬೇರೆಯೇ ಹೆಸರು ಕೂರುತ್ತದೆ. ಊರಿಗೆ ಬಂದಾಗ ನೆಂಟರು ‘ಅಮೆರಿಕ’ ಎಂದು ಕರೆಯುವುದನ್ನು ತಪ್ಪಿಸಲಾಗದು. ಮನೆಯೊಡೆಯ ಎಂಬ ಅರ್ಥವನ್ನು ಅಜ್ಜಿಗೆ ಮೊದಲೇ ಹೇಳಿಡಿ, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಕೊನೆಯದಾಗಿ, ಈ ಹೆಸರಿನವನಿಗೂ ನಮ್ಮ ಕರಾವಳಿಗೂ ಏನಾದರೂ ನಂಟಿತ್ತೇ?

ಅವನು ಭಾರತಕ್ಕೆ ಬರಲಿಲ್ಲ. ಆದರೆ ನಮ್ಮ ಕಡಲಿನಿಂದ ಹೊರಟ ಒಬ್ಬ ಮನುಷ್ಯ ಅವನಿಗೆ ಸಿಕ್ಕಿದ.

ಕಾರವಾರದ ಎದುರಿಗೆ, ಆಡಳಿತದಲ್ಲಿ ಗೋವಾಕ್ಕೆ ಸೇರಿದ ಅಂಜುದೀವ್ ದ್ವೀಪವಿದೆ. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಅಲ್ಲಿ ಲಂಗರು ಹಾಕಿದ್ದಾಗ ಗೋವಾದ ಕಡೆಯಿಂದ ಒಬ್ಬ ಯಹೂದಿ ಬಂದ. ಬೇಹುಗಾರನೆಂಬ ಅನುಮಾನದಿಂದ ಅವನನ್ನು ಹಿಡಿದು, ಹಿಂಸಿಸಿ, ಲಿಸ್ಬನ್ನಿಗೆ ಒಯ್ದು, ಕ್ರೈಸ್ತನನ್ನಾಗಿ ಮಾಡಿ, ಸೆರೆಹಿಡಿದವನ ಮನೆತನದ ಹೆಸರನ್ನೇ ಹಚ್ಚಿ ಗಾಸ್ಪರ್ ಡ ಗಾಮ ಎಂದು ಕರೆದರು. ಮುಂದೆ ಪೋರ್ಚುಗಲ್ಲಿನ ನಾಯಕ ಕಬ್ರಾಲನ ನೌಕಾಪಡೆಯೊಡನೆ ಅವನು ದುಭಾಷಿಯಾಗಿ ಮತ್ತೆ ಭಾರತಕ್ಕೆ ಬಂದು ಹಿಂದಿರುಗಿದ. 1501ರ ಜೂನ್‌ನಲ್ಲಿ ಆಫ್ರಿಕದ ಪಶ್ಚಿಮ ತುದಿಯ ಕೇಪ್ ವರ್ಡ್ ಬಳಿ, ಕಬ್ರಾಲನ ಹಡಗುಗಳು ಮನೆಯ ಕಡೆಗೆ, ವೆಸ್ಪುಚ್ಚಿಯ ಹಡಗುಗಳು ಬ್ರೆಜಿಲ್ ಕಡೆಗೆ ಸಾಗುವಾಗ ಇಬ್ಬರೂ ಎದುರಾದರು. ಜೂನ್ 4ರಂದು ವೆಸ್ಪುಚ್ಚಿ ಫ್ಲಾರೆನ್ಸಿನ ತನ್ನ ಧಣಿಗೆ ಬರೆದ ಪತ್ರದಲ್ಲಿ ಭಾರತದ ಊರುಗಳ ವಿವರವೆಲ್ಲ ಈ ಗಾಸ್ಪರ್ ಹೇಳಿದ್ದು ಎಂದಿದ್ದಾನೆ. ಅವನು ಹಲವು ಭಾಷೆ ಬಲ್ಲವನು, ನಂಬಬಹುದಾದವನು ಎಂದೂ ಮೆಚ್ಚಿದ್ದಾನೆ. ತನ್ನ ಹೆಸರನ್ನು ಕಳೆದುಕೊಂಡವನೊಬ್ಬ, ಇನ್ನಾರು ವರ್ಷಗಳಲ್ಲಿ ಹೆಸರು ಖಂಡಕ್ಕೆ ಏರಲಿದ್ದವನಿಗೆ, ಒಂದೊಂದಾಗಿ ಊರುಗಳ ಹೆಸರು ಹೇಳುತ್ತಾ ಹೋದ.